ಅಜ್ಜಂಪುರದಾಚೆಯ ಜಪಾನು

ನಮ್ಮ ಬೀದಿಯಲ್ಲಿ ಸರಿಯಾದ ಟೈಮು ತೋರಿಸುವ ಗೋಡೆ ಗಡಿಯಾರ ಒಂದೂ ಇರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಬೇಕೆಂದೇ ಹಾಗೆ ಇಟ್ಟುಕೊಂಡಿದ್ದೆವು. ನನ್ನ ಹಿಟ್ಟಿನ ಗಿರಣಿಯ ಗಡಿಯಾರ ಕಾಲು ಗಂಟೆ ಮುಂದೆ. ಪಕ್ಕದ ಮನೆಯ ತೀರ್ಥಪ್ಪನವರದು ಇಪ್ಪತ್ತು ನಿಮಿಷ ಮುಂದೆ, ಏಕೆಂದರೆ ಅವರು ಯಾವ ಕೆಲಸಕ್ಕೂ ಇಪ್ಪತ್ತು ನಿಮಿಷ ತಡ. ಎದುರು ಮನೆಯ ವಜೀರ್ ಸಾಬರದು ಹತ್ತು ನಿಮಿಷ. ಮುಂದಿಟ್ಟ ಗಡಿಯಾರವನ್ನು ನೋಡುವುದು, ಮುಂದಿಟ್ಟಷ್ಟನ್ನು ಮನಸ್ಸಿನಲ್ಲೇ ಕಳೆಯುವುದು, ಇನ್ನೂ ಹೊತ್ತಿದೆ ಎಂದು ಕೂರುವುದು, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದು. ತರೀಕೆರೆಯಲ್ಲಿ ಈ ಲೆಕ್ಕ ಮಕ್ಕಳಿಗೂ ಬರುತ್ತದೆ. ಗಡಿಯಾರ ಮುಂದಿದ್ದರೆ ಮನೆಗೆ ಒಂದು ಧೈರ್ಯ. ಡಬ್ಬಿಯ ತಳದಲ್ಲಿ ಎರಡು ಹಿಡಿ ಅಕ್ಕಿ ಉಳಿಸಿಟ್ಟ ಹಾಗೆ.

ಈ ಧೈರ್ಯವೇ ವಜೀರ್ ಸಾಬರ ಮಗಳು ಅರ್ಫಾಳ ಮದುವೆಗೆ ಅಡ್ಡ ಬಂತು.

ವಜೀರ್ ಸಾಬರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಅವರು ಸೀಟಿ ಊದಿದ ಮೇಲೆ ಬಸ್ಸು ಹೊರಡಬೇಕು, ಡ್ರೈವರ್ ಕಾಫಿ ಕುಡಿಯುತ್ತಿದ್ದರೂ ಸರಿ. ರಿಟೈರ್ ಆದಮೇಲೆ ಸೀಟಿ ಮೊಳೆಗೆ ನೇತುಬಿತ್ತು, ಕೈ ಮಾತ್ರ ರಿಟೈರ್ ಆಗಲಿಲ್ಲ. ನನ್ನ ಗಿರಣಿಯ ಮುಂದೆ ರಾಗಿ ಚೀಲ ಇಳಿಸಿದ ಗಾಡಿಗಳನ್ನು ಈಗಲೂ ಅವರೇ "ಹೋಗ್ಲಿ, ರೈಟ್, ಹೋಗ್ಲಿ" ಎಂದು ಕಳಿಸುತ್ತಾರೆ. ಯಾರೂ ಹೇಳಿಲ್ಲ, ಯಾರೂ ಬೇಡ ಎಂದೂ ಇಲ್ಲ.

ಹುಡುಗ ಕಡೂರಿನವನು, ಹೆಸರು ನವಾಜ್, ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಾನೆ. ಅವನ ತಂದೆ ಉಮರ್ ಫಾರೂಕ್ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ರಿಟೈರಾದವರು. ಅವರು ಹೆಣ್ಣು ನೋಡಲು ಬಂದ ದಿನ ನಾನೂ ಆ ಮನೆಯಲ್ಲಿದ್ದೆ. ಅವರವರಲ್ಲಿ ಮಾತಾಡುವುದು ದಖ್ಖನಿ ಉರ್ದು. ಎದುರು ಮನೆಯಲ್ಲಿದ್ದು ಇದ್ದು ನನಗೆ ಎಲ್ಲ ತಿಳಿಯುತ್ತದೆ, ಆದ್ದರಿಂದ ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಹುಡುಗ ಹುಡುಗಿ ಒಪ್ಪಿದ್ದರು. ತಾಯಂದಿರು ಒಪ್ಪಿದ್ದರು. ವಜೀರ್ ಸಾಬರ ಹೆಂಡತಿ ಖುರ್ಷಿದ್ ಬೇಗಂ ಮಾಡಿದ ಖೀರನ್ನು ಎಲ್ಲರೂ ಎರಡನೆಯ ಸಲ ಹಾಕಿಸಿಕೊಂಡಿದ್ದರು. ಆಗ ಉಮರ್ ಫಾರೂಕರ ಕಣ್ಣು ಗೋಡೆಯ ಮೇಲೆ ಹೋಯಿತು. ಗೋಡೆ ನೋಡಿದರು. ಕೈಗಡಿಯಾರ ನೋಡಿದರು. ಮತ್ತೆ ಗೋಡೆ ನೋಡಿದರು.

"ಹತ್ತು ನಿಮಿಷ ಮುಂದಿದೆಯಲ್ಲ, ವಜೀರ್ ಸಾಬ್."

"ಇಟ್ಟಿದ್ದೀವಿ."

"ಯಾಕೆ?"

ಈ ಪ್ರಶ್ನೆಯನ್ನು ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ವಜೀರ್ ಸಾಬರು ನನ್ನ ಮುಖ ನೋಡಿದರು. ನಾನು ಖೀರಿನ ಬಟ್ಟಲು ನೋಡಿದೆ.

"ನಮ್ಮ ಡಿಪಾರ್ಟ್‌ಮೆಂಟಲ್ಲಿ ಹಿಂಗೆ ಮುಂದಿಟ್ರೆ ಒಂದೇ ಲೈನಲ್ಲಿ ಎರಡು ಗಾಡಿ ಮುಖಾಮುಖಿ ಬಂದ್ಬಿಡ್ತವೆ," ಎಂದರು ಉಮರ್ ಫಾರೂಕ್.

"ನಮ್ಮ ಡಿಪಾರ್ಟ್‌ಮೆಂಟಲ್ಲಿ ಮುಖಾಮುಖಿ ಬಂದ್ರೆ ಒಂದು ಪಕ್ಕಕ್ಕೆ ಸರೀತದೆ," ಎಂದರು ವಜೀರ್ ಸಾಬ್. "ಸರಿಯೋದನ್ನ ನಾವು ಕಲ್ತಿದ್ದೀವಿ."

ಅದಾದ ಮೇಲೆ ಖೀರು ಯಾರಿಗೂ ಸಿಹಿಯಾಗಲಿಲ್ಲ. ಹೊರಡುವಾಗ ಉಮರ್ ಫಾರೂಕ್ ಬಾಗಿಲಲ್ಲಿ ನಿಂತು, "ಮೊದ್ಲು ನಮ್ಮಿಬ್ರ ಟೈಮ್ ಕೂಡ್ಲಿ, ಆಮೇಲೆ ಸಂಬಂಧ ಕೂಡ್ಸೋಣ. ದೇವನೂರಿಂದಲೂ ಒಂದು ಕಡೆಯವರು ಕೇಳ್ತಾ ಅವ್ರೆ," ಎಂದು ಹೇಳಿ ಹೋದರು. ಅವರ ಹೆಂಡತಿ ಬುಷ್ರಾ ಹಿಂದೆ ತಿರುಗಿ ಖುರ್ಷಿದ್ ಬೇಗಂಗೆ ಕಣ್ಣಲ್ಲೇ ಏನೋ ಹೇಳಿದರು. ಗಂಡಸರ ಪರವಾಗಿ ಹೆಂಗಸರು ಕೇಳುವ ಕ್ಷಮೆ ಅದು. ಎಲ್ಲ ಭಾಷೆಯಲ್ಲೂ ಒಂದೇ ಥರ ಇರುತ್ತದೆ.

ಅರ್ಫಾ ಒಳಗಿನಿಂದ ಒಂದೇ ಮಾತು ಹೇಳಿದಳು. "ನವಾಜ್ ಆಗ್ಲಿಲ್ಲ ಅಂದ್ರೆ ನನಗೆ ಇನ್ಯಾರನ್ನೂ ತೋರಿಸ್ಬೇಡಿ ಅಬ್ಬಾ."

"ಗಡಿಯಾರಾನ ಹತ್ತು ನಿಮಿಷ ಹಿಂದಕ್ಕೆ ತಿರುಗ್ಸಿ, ಮುಗೀತು," ಎಂದರು ಖುರ್ಷಿದ್ ಬೇಗಂ.

"ತಿರುಗಿಸಿದ್ರೆ ಅವನ ಕೈಗಡಿಯಾರ ನೋಡ್ಕೊಂಡು ತಿರುಗಿಸ್ದಂಗೆ ಆಯ್ತದೆ. ಬಸ್ಸು ರೈಲು ನೋಡ್ಕೊಂಡು ಹೊರಟಂಗೆ. ಆಗಲ್ಲ ಬೇಗಂ. ಅವನ ಟೈಮೂ ಅಲ್ಲದ, ನನ್ನ ಟೈಮೂ ಅಲ್ಲದ, ಇಬ್ರ ತಲೆ ಮೇಲಿರೋ ಟೈಮ್ ಬೇಕು."

ಅಂಥ ಟೈಮು ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಖುರ್ಷಿದ್ ಬೇಗಂ ಅವರ ತಮ್ಮ ಸರಕು ಹಡಗಿನಲ್ಲಿ ಅಡುಗೆಯವನು. ಹಡಗು ಜಪಾನಿನಲ್ಲಿ ನಿಂತಾಗ ಕೊಂಡದ್ದಂತೆ. ರಜಕ್ಕೆ ಮಂಗಳೂರಿಗೆ ಬಂದವನು ಭಾವನ ಸಂಕಟ ಕೇಳಿ ಕಳಿಸಿಕೊಟ್ಟ. ಬಿಳಿ ಗುಂಡು ಗಡಿಯಾರ, ಹಪ್ಪಳದಷ್ಟು ಹಗುರ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: "ಇದನ್ನ ನಾವು ತಿರುಗಿಸೋ ಹಂಗಿಲ್ಲ ಭಾವಾಜಿ. ಒಂದು ಬೆಟ್ಟದ ಮೇಲೆ ಟವರ್ ಇರ್ತದೆ. ಅದು ಟೈಮ್ ಕಳಿಸ್ತದೆ. ಇದು ಗಾಳಿಯಿಂದ ಹಿಡ್ಕೊಂಡು ತಾನೇ ಮುಳ್ಳು ತಿರುಗಿಸ್ಕೋತದೆ. ಲಕ್ಷ ವರ್ಷಕ್ಕೆ ಒಂದು ಸೆಕೆಂಡೂ ತಪ್ಪಲ್ಲ."

ಲಕ್ಷ ವರ್ಷದ ಮಾತು ಕೇಳಿದ ಮೇಲೆ ವಜೀರ್ ಸಾಬರನ್ನು ಹಿಡಿಯುವವರು ಯಾರು? ಬ್ಯಾಟರಿ ಹಾಕುವ ಮೊದಲೇ ಕಡೂರಿಗೆ ಫೋನ್ ಮಾಡಿದರು. "ಮುಂದಿನ ತಿಂಗಳು ಮೊದಲ ಭಾನುವಾರ ನಾಲ್ಕು ಗಂಟೆಗೆ ಬನ್ನಿ. ನಮ್ಮನೇಗೆ ರೇಡಿಯೋ ಗಡಿಯಾರ ಬಂದಿದೆ. ಆಕಾಶದಿಂದ ಟೈಮ್ ತಗೋತದೆ."

ಆ ಕಡೆಯಿಂದ ಉಮರ್ ಫಾರೂಕರ ದನಿ ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. "ರೇಡಿಯೋದ್ದಾದ್ರೂ ಸರಿ, ಸ್ಟೇಷನ್ನಿಂದ ಬರೋ ಟೈಮ್ ಅಂದ್ರೆ ನಾನು ಎದುರು ಮಾತಾಡಲ್ಲ. ಅದು ಎಷ್ಟು ಹೇಳ್ತದೋ ಅಷ್ಟಕ್ಕೆ ನಾನು ತಲೆ ಬಗ್ಗಿಸ್ತೀನಿ. ಇದು ನನ್ನ ಮಾತು."

ವಜೀರ್ ಸಾಬರು ಫೋನಿಟ್ಟು ಗೆದ್ದವರಂತೆ ಬ್ಯಾಟರಿ ಹಾಕಿದರು. ಮುಳ್ಳುಗಳು ತಾವೇ ಎದ್ದು, ಯಾರೋ ಹಿಂದೆ ಕೂತು ತಿರುಗಿಸುತ್ತಿರುವಂತೆ ಗಿರ್ರನೆ ಸುತ್ತಿ, ಹನ್ನೆರಡಕ್ಕೆ ಬಂದು ಕೈ ಜೋಡಿಸಿ ನಿಂತವು. ನಾವೂ ನಿಂತೆವು. ಅವು ಅಲ್ಲಿಂದ ಕದಲಲಿಲ್ಲ. ಹಿಂದೆ ಒಂದು ಸಣ್ಣ ಗುಂಡಿ ಇತ್ತು. ಒತ್ತಿದರೆ ಮತ್ತೆ ಸುತ್ತಿ, ಮತ್ತೆ ಹನ್ನೆರಡಕ್ಕೆ ಬಂದು, ಮತ್ತೆ ಪ್ರಾರ್ಥನೆಗೆ ನಿಂತಂತೆ ನಿಲ್ಲುತ್ತಿತ್ತು.

ಜೊತೆಗೆ ಒಂದು ಹಾಳೆ ಬಂದಿತ್ತು. ಅಕ್ಷರವೆಲ್ಲ ಜಪಾನಿನದು, ಬಿದಿರು ಕಡ್ಡಿ ಚೆಲ್ಲಿದ ಹಾಗೆ. ಚಿತ್ರಗಳು ಮಾತ್ರ ನಮ್ಮವೂ ಆಗುವಂಥವು. ಮೊದಲ ಚಿತ್ರದಲ್ಲಿ ಬೆಟ್ಟ, ಬೆಟ್ಟದ ಮೇಲೆ ಟವರ್, ಟವರಿನಿಂದ ಹೊರಟ ಅಲೆ ಒಂದು ಕಿಟಕಿಯೊಳಗೆ ಹೋಗಿ ಗಡಿಯಾರವನ್ನು ಮುಟ್ಟುತ್ತಿತ್ತು. ಉಳಿದ ಚಿತ್ರಗಳಿಗೆಲ್ಲ ಕೆಂಪು ಗೀಟು ಹೊಡೆದಿತ್ತು: ಒಂದು ಟೀವಿ, ಒಂದು ಫ್ರಿಜ್ಜು, ಒಂದು ಮೋಟರು, ತಗಡಿನ ಮನೆ.

ತೀರ್ಥಪ್ಪನವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಪರೀಕ್ಷಿಸಿ, "ಇದು ಹೇಳ್ತಿರೋದು ಏನಂದ್ರೆ, ಈ ಬೀದೀಲಿ ಇಡ್ಬೇಡಿ ಅಂತ," ಎಂದರು.

ಮೊದಲು ದಿಕ್ಕಿನ ಪ್ರಶ್ನೆ ಬಂತು. ಜಪಾನು ಪೂರ್ವಕ್ಕೆ ಎಂದು ಅರ್ಫಾ ಹೇಳಿದಳು. ಪೂರ್ವಕ್ಕೆ ನಮಗಿರುವುದು ಅಜ್ಜಂಪುರ. ವಜೀರ್ ಸಾಬರು ಒಂದು ಜೀವಮಾನ ಬಸ್ಸುಗಳನ್ನು ಕಳಿಸಿದವರು. ಅವರ ಮನಸ್ಸಿನಲ್ಲಿ ಪ್ರಪಂಚವೆಂದರೆ ರೂಟುಗಳು. ಅಜ್ಜಂಪುರದ ರೂಟನ್ನೇ ಎಳೆದುಕೊಂಡು ಹೋದರೆ ಕೊನೆಯ ಸ್ಟಾಪು ಜಪಾನು. ಆ ಲೆಕ್ಕದಲ್ಲಿ ತರೀಕೆರೆಗಿಂತ ಅಜ್ಜಂಪುರ ಜಪಾನಿಗೆ ಹತ್ತಿರ. ಬೆಟ್ಟದ ಅಡ್ಡಿಯೂ ಇಲ್ಲ, ಬಯಲು ಸೀಮೆ.

"ಒಂದ್ಸಲ ಅಲ್ಲಿ ಹಿಡಿಸ್ಕೊಂಡು ಬಂದ್ಬಿಟ್ರೆ ಸಾಕು ಶಂಕರಮ್ನೋರೇ," ಎಂದು ನನಗೆ ತಿಳಿಸಿ ಹೇಳಿದರು. "ಎಮ್ಮೇನ ಕೆರೇಗೆ ಹೊಡ್ಕೊಂಡು ಹೋಗಿ ನೀರು ಕುಡಿಸ್ಕೊಂಡು ಬಂದಂಗೆ."

ನನ್ನ ಗಿರಣಿಯ ಕಲ್ಲು ಸವೆದಿತ್ತು, ಅದನ್ನು ಕುಟ್ಟಿಕೊಡುವವನು ಅಜ್ಜಂಪುರದಲ್ಲೇ ಇದ್ದ. ಹೀಗೆ ನಾನೂ ಆ ಯಾತ್ರೆಯಲ್ಲಿ ಸೇರಿದೆ. ಬಸ್ಸಿನಲ್ಲಿ ಗಡಿಯಾರವನ್ನು ಅವರು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು, ಮುಖವನ್ನು ಕಿಟಕಿಯ ಕಡೆ ಮಾಡಿದ್ದರು. ಕಂಡಕ್ಟರ್ ಅವರ ಕೈಕೆಳಗೆ ಪಳಗಿದವನೇ.

"ಅಮ್ಮೋರಿಗೆ ಫ್ರೀ. ಸಾಬ್ರೇ, ನಿಮ್ಮ ಗಡಿಯಾರ ಗಂಡೋ ಹೆಣ್ಣೋ?" ಎಂದು ಕೇಳಿದ.

"ಮಾತಾಡಿಸ್ಬೇಡ ಕಣೋ. ಕೇಳಿಸ್ಕೊಳ್ತಾ ಇದೆ."

ಮಂದಿಯೆಲ್ಲ ಸುಮ್ಮನಾದರು. ಗಡಿಯಾರ ಏನು ಕೇಳಿಸಿಕೊಳ್ಳುತ್ತಿದೆ ಎಂದು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಒಬ್ಬ ಗಂಭೀರವಾಗಿದ್ದರೆ ಉಳಿದವರಿಗೆ ಅಷ್ಟು ಸಾಕು.

ಅಜ್ಜಂಪುರ ದಾಟಿ ಒಂದು ಮೋರಿಯ ಹತ್ತಿರ ಇಳಿದೆವು. ಮಳೆಗಾಲ ಮುಗಿದು ರಾಗಿ ತೆನೆ ಬಗ್ಗುತ್ತಿದ್ದ ದಿನಗಳು. ಕಣ್ಣು ಹೋದಷ್ಟು ದೂರವೂ ಬಯಲು, ಅದರ ಮೇಲೆ ಮೋಡದ ನೆರಳುಗಳು ಯಾರ ಅವಸರವೂ ಇಲ್ಲದೆ ನಡೆದುಹೋಗುತ್ತಿದ್ದವು. ವಜೀರ್ ಸಾಬರು ಮೋರಿಯ ಕಟ್ಟೆಯ ಮೇಲೆ ಟವೆಲು ಹಾಸಿ, ಗಡಿಯಾರವನ್ನು ಜಪಾನಿಗೆ ಮುಖ ಮಾಡಿ ಕೂರಿಸಿ, ಗುಂಡಿ ಒತ್ತಿದರು. ಮುಳ್ಳುಗಳು ಸುತ್ತಿ ಹನ್ನೆರಡಕ್ಕೆ ನಿಂತವು.

ಕುರಿ ಕಾಯುವವನೊಬ್ಬ ಬಂದ. "ಟೈಮೆಷ್ಟು ಯಜಮಾನ್ರೇ?"

"ಕೇಳ್ಕಳಿಸಿದ್ದೀವಿ. ಬಂದ್ಮೇಲೆ ಹೇಳ್ತೀನಿ, ಕೂತ್ಕೋ."

ಅವನು ಕೂತ. ಅವನ ಕುರಿಗಳೂ ನಿಂತವು. ಗಾಳಿ ರಾಗಿಯ ಮೇಲೆ ಕೈಯಾಡಿಸಿಕೊಂಡು ಬಂದು ನಮ್ಮನ್ನು ಮುಟ್ಟಿ ಮುಂದೆ ಹೋಗುತ್ತಿತ್ತು. ಎಲ್ಲೋ ದೂರದಲ್ಲಿ ಒಂದು ರೈಲು ಹೋಯಿತು. ವಜೀರ್ ಸಾಬರು ಅದಕ್ಕೆ ಬೆನ್ನು ಮಾಡಿ ಕೂತರು. ಕುರಿಯವನು ಕಟ್ಟೆಗೆ ಒರಗಿ ನಿದ್ದೆ ಹೋದ. ನನಗೂ ಜೊಂಪು ಬಂದಿತ್ತು. ಕಣ್ಣು ಬಿಟ್ಟಾಗ ಬಿಸಿಲು ಹಳದಿಗೆ ತಿರುಗಿತ್ತು, ಒಂದು ಕುರಿ ಗಡಿಯಾರದ ಮುಂದೆ ನಿಂತು ಅದನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಗಡಿಯಾರದಲ್ಲಿ ಹನ್ನೆರಡು.

"ಬಂತಾ ಸಾಬ್ರೇ?" ಎಂದೆ.

"ಇಲ್ಲ," ಎಂದರು ಮೆಲ್ಲಗೆ. "ಆದ್ರೆ ಶಂಕರಮ್ನೋರೇ, ನಿಂತಿರೋ ಗಡಿಯಾರಾನ ಇಷ್ಟೊತ್ತು ಬೈಯದೆ ನೋಡ್ತಾ ಕೂತಿದ್ದು ಇದೇ ಮೊದ್ಲು."

ನಾನು ಆ ದಿನ ಕಲ್ಲು ಕುಟ್ಟುವವನ ಮನೆಗೆ ಹೋಗುವುದನ್ನೇ ಮರೆತೆ.

ಬಯಲೂ ಕೈಕೊಟ್ಟ ಮೇಲೆ ಅವರು ಹಾಳೆಯ ಕೆಂಪು ಗೀಟುಗಳ ಕಡೆ ತಿರುಗಿದರು. ಟೀವಿ, ಫ್ರಿಜ್ಜು, ಮೋಟರು. ಇವು ಗದ್ದಲ ಮಾಡುವುದರಿಂದ ಗಡಿಯಾರಕ್ಕೆ ಜಪಾನಿನ ಮಾತು ಕೇಳಿಸುತ್ತಿಲ್ಲ ಎಂದು ತೀರ್ಮಾನವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿನಿಂದ ಒಂದು ಗಂಟೆ ಬೀದಿಯಲ್ಲಿ ಏನೂ ಓಡಬಾರದು. ಸೀಟಿಯನ್ನು ಮೊಳೆಯಿಂದ ತೆಗೆದರು.

ಮೊದಲು ನನ್ನ ಗಿರಣಿಗೆ ಬಂದರು. "ಮೋಟರಿಗೆ ಗೀಟು ಹೊಡೆದವ್ರೆ."

"ಸಾಬ್ರೇ, ಸಂಜೆ ಹೊತ್ತಲ್ಲೇ ಜನ ಹಿಟ್ಟಿಗೆ ಬರೋದು."

"ನನ್ನ ಮಗಳ ಮದ್ವೆ ಹಿಟ್ಟು ನಿಮ್ಮಲ್ಲೇ ಮಾಡಿಸ್ತೀನಿ ಶಂಕರಮ್ನೋರೇ. ಮದ್ವೆ ಆಗ್ಬೇಕಲ್ಲ?"

ಬೆಲ್ಟು ಇಳಿಸಿದೆ.

ತೀರ್ಥಪ್ಪನವರ ಹೆಂಡತಿ ಮಲ್ಲಿಕಾಂಬ ಅಷ್ಟು ಸುಲಭದವಳಲ್ಲ. ಅವಳ ಧಾರಾವಾಹಿಯಲ್ಲಿ ಅತ್ತೆ ಹಾಲಿಗೆ ವಿಷ ಬೆರೆಸಿ, ಸೊಸೆ ಲೋಟ ಎತ್ತಿದ ಜಾಗಕ್ಕೆ ಹಿಂದಿನ ದಿನ ಮುಗಿದಿತ್ತು.

"ಅವಳು ಕುಡಿದ್ಲೋ ಇಲ್ವೋ ನೋಡದೆ ನಾನು ಟೀವಿ ಆರಿಸಲ್ಲ ಕಣ್ರೀ."

"ಅವಳದ್ದು ಸುಳ್ಳು ಸೊಸೆ, ಮಲ್ಲಿಕಾಂಬನೋರೇ. ನನ್ನ ಮಗಳು ನಿಜವಾಗಿ ಸೊಸೆ ಆಗ್ಬೇಕಾದೋಳು."

ಮಲ್ಲಿಕಾಂಬ ಟೀವಿ ಆರಿಸಿ, ಬಾಗಿಲು ಧಡಾರನೆ ಹಾಕಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಮಾಡಲು ಏನೂ ಇಲ್ಲದೆ ಹೊರಗೆ ಬಂದು ಜಗುಲಿಯ ಮೇಲೆ ಕೂತಳು. ಅಷ್ಟರಲ್ಲಿ ಎಲ್ಲರೂ ಕೂತಿದ್ದರು. ಫ್ರಿಜ್ಜುಗಳು ಗೊರಕೆ ನಿಲ್ಲಿಸಿದ್ದವು. ವಜೀರ್ ಸಾಬರ ಜಗುಲಿಯ ಮೇಲೆ, ಒಂದು ಸ್ಟೂಲಿನಲ್ಲಿ, ಅಜ್ಜಂಪುರದ ಕಡೆ ಮುಖ ಮಾಡಿ ಗಡಿಯಾರ ಹನ್ನೆರಡು ತೋರಿಸುತ್ತ ನಿಂತಿತ್ತು.

ನಮ್ಮ ಬೀದಿಗೆ ಅಂಥದೊಂದು ಸದ್ದು ಇದೆಯೆಂದು ನನಗೆ ಗೊತ್ತಿರಲಿಲ್ಲ. ಯಾರದೋ ಮನೆಯ ಒಗ್ಗರಣೆ ಚಟಪಟ ಎಂದಿತು. ಸಾಸಿವೆಯೋ ಜೀರಿಗೆಯೋ ಎಂದು ಕಿವಿಯಲ್ಲೇ ತಿಳಿಯಿತು. ಬಾವಲಿ ಹಾರಿದ್ದು ಕೇಳಿಸಿತು. ಬಸ್‌ಸ್ಟ್ಯಾಂಡಿನಲ್ಲಿ "ಬೀರೂರು, ಕಡೂರು" ಎಂದು ಕೂಗುವವನ ದನಿ ನೀರಿನ ಮೇಲೆ ಬಂದ ಹಾಗೆ ಬಂತು. ಮಕ್ಕಳು ಪಿಸುಮಾತಿನಲ್ಲಿ ಜಗಳವಾಡಿದರು. ಆಕಾಶ ನೇರಳೆಯಾಗಿ, ಬೂದಿಯಾಗಿ, ಗಡಿಯಾರದ ಬಿಳಿ ಮುಖವೊಂದೇ ಚಂದ್ರನ ತುಂಡಿನಂತೆ ಉಳಿಯಿತು.

ತೀರ್ಥಪ್ಪನವರು ಕೊನೆಗೆ ತಡೆಯಲಾರದೆ ತಮ್ಮ ಹಳೇ ಟ್ರಾನ್ಸಿಸ್ಟರ್ ತಂದು, ಭದ್ರಾವತಿ ಸ್ಟೇಷನ್ ಹಾಕಿ, ಗಡಿಯಾರದ ಮುಂದಿಟ್ಟರು. "ಜಪಾನೇ ಆಗ್ಬೇಕು ಅಂತೇನು? ಹತ್ರದ್ದು ಕೇಳಿಸ್ಕೊಳ್ಳಲಿ. ಅವ್ರೂ ಟೈಮ್ ಹೇಳ್ತಾರೆ." ಗಡಿಯಾರ ಕೃಷಿರಂಗವನ್ನು ಪೂರ್ತಿ ಕೇಳಿಸಿಕೊಂಡಿತು. ಅಡಿಕೆಗೆ ಬರುವ ಕೊಳೆರೋಗದ ಬಗ್ಗೆ ಅದಕ್ಕೆ ಆಸಕ್ತಿ ಇದ್ದಂತೆ ಕಾಣಲಿಲ್ಲ.

ಮಾರನೆಯ ಸಂಜೆಯೂ ಸೀಟಿ ಊದಿತು, ಅದರ ಮಾರನೆಯ ದಿನವೂ. ನಾಲ್ಕೈದು ಸಂಜೆ ಕಳೆಯುವಷ್ಟರಲ್ಲಿ ಸೀಟಿಗೆ ಮೊದಲೇ ಜನ ಬಂದು ಕೂರತೊಡಗಿದರು. ಮಲ್ಲಿಕಾಂಬ ಧಾರಾವಾಹಿಯನ್ನು ತಾನೇ ಮುಂದುವರಿಸಿದಳು. ಅವಳ ಕಥೆಯಲ್ಲಿ ಸೊಸೆ ಲೋಟ ಎತ್ತಿದವಳು ಇನ್ನೂ ಕುಡಿದಿರಲಿಲ್ಲ. ಬಾಯಿ ಹತ್ತಿರ ಹೋದಾಗಲೆಲ್ಲ ಯಾರೋ ಬಂದು ಬಾಗಿಲು ತಟ್ಟುತ್ತಿದ್ದರು. ಒಂದು ದಿನ ಬಾಗಿಲು ತಟ್ಟಿದವನು ಕೊರಿಯರ್ ಹುಡುಗ, ಇನ್ನೊಂದು ದಿನ ಲಕ್ಕವಳ್ಳಿ ಕಾಡಿನಿಂದ ದಾರಿ ತಪ್ಪಿದ ಆನೆ. ಆನೆ ಹೇಗೆ ಬಾಗಿಲು ತಟ್ಟಿತು ಎಂದು ತೀರ್ಥಪ್ಪ ಕೇಳಿದ್ದಕ್ಕೆ, "ಮೆಲ್ಲಗೆ," ಎಂದಳು.

ಗಡಿಯಾರಕ್ಕೆ ಮಾತ್ರ ಏನೂ ಕೇಳಿಸಲಿಲ್ಲ. ಆ ಭಾನುವಾರ ಹತ್ತಿರ ಬಂತು.

ಶನಿವಾರ ಅರ್ಫಾ ಗೋಧಿ ಹಿಡಿದು ಗಿರಣಿಗೆ ಬಂದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ಸೂಜಿ ಕಂಡು ಅಳುವವರನ್ನು ಸಮಾಧಾನ ಮಾಡಿ ಅಭ್ಯಾಸ. ಅವತ್ತು ಅವಳ ಮುಖವೇ ಸೂಜಿ ಕಂಡವರ ಹಾಗಿತ್ತು.

"ಆಂಟಿ, ಗಡಿಯಾರ ನಡೀಲಿಲ್ಲ ಅಂದ್ರೆ ಅಬ್ಬಾ ನಾಳೆ ಬರ್ಬೇಡಿ ಅಂತ ಫೋನ್ ಮಾಡ್ತಾರಂತೆ. ಮುಖ ತೋರ್ಸೋದು ಹೆಂಗೆ ಅಂತಾರೆ. ಈ ಸಲ ತಪ್ಪಿದ್ರೆ ಅವರು ದೇವನೂರಿಗೆ ಹೋಗ್ತಾರೆ."

"ನವಾಜು ಏನಂತಾನೆ?"

"ಅವನು ಒಂದು ಆ್ಯಪ್ ಕಳಿಸಿದ್ದಾನೆ. ಆ ಗಡಿಯಾರಕ್ಕೆ ಬೇಕಾದ ಸಿಗ್ನಲ್ ನಮ್ಮ ದೇಶದಲ್ಲೇ ಇಲ್ವಂತೆ ಆಂಟಿ. ಎಲ್ಲಿ ತಿರುಗಿಸಿಟ್ರೂ ಬರಲ್ವಂತೆ. ಜಪಾನಿನ ಟವರ್ ಕಳ್ಸೋದನ್ನೇ ಈ ಆ್ಯಪು ಫೋನಲ್ಲಿ ನಕಲು ಮಾಡ್ತದೆ. ಗಡಿಯಾರದ ಬೆನ್ನಿಗೆ ಒತ್ತಿ ಇಟ್ರೆ ಅದು ನಿಜ ಅಂದ್ಕೊಳ್ತದೆ."

"ನಿನಗೂ ಅವನಿಗೂ ಫೋನಲ್ಲಿ ಮಾತಿದೆಯಾ ಹಂಗಾದ್ರೆ?"

"ಗೋಧಿ ಸಣ್ಣಗೆ ಬೀಸಿ ಆಂಟಿ," ಎಂದಳು ಅರ್ಫಾ.

ನಾನು ವಜೀರ್ ಸಾಬರ ಹತ್ತಿರ ಹೋಗಿ, ಫೋನ್ ಮಾಡಬೇಡಿ, ನಿನ್ನೆ ಮುಳ್ಳು ಸ್ವಲ್ಪ ಅಲ್ಲಾಡಿದ್ದನ್ನು ನಾನೇ ಕಂಡೆ ಎಂದೆ. ಗಿರಣಿ ನಡೆಸುವವಳು ಕಲ್ಲು ಬೆರೆಸಬಾರದು. ಕೂಡಿಬರುವ ಮದುವೆಗೆ ಒಂದು ಚಿಟಿಕೆ ಸುಳ್ಳು ಬೆರೆಸಿದರೆ ತಪ್ಪಿಲ್ಲ.

ಭಾನುವಾರ ಗೋಡೆಯಿಂದ ಹಳೆಯದು ಇಳಿಯಿತು. ಅದರ ಹಿಂದೆ ಗೋಡೆಯಲ್ಲಿ ಒಂದು ಸಣ್ಣ ಗೂಡಿತ್ತು, ಆ ಗೂಡಿನ ಮುಂದೆ ಹೊಸ ಗಡಿಯಾರ. ಮಧ್ಯಾಹ್ನ ವಜೀರ್ ಸಾಬರು ಗಡ್ಡ ಒಪ್ಪ ಮಾಡಿಸಿಕೊಳ್ಳಲು ಹೋದಾಗ ಅರ್ಫಾ ಫೋನನ್ನು ಗೂಡಿನಲ್ಲಿಟ್ಟು, ಆ್ಯಪು ಹಾಕಿ, ಗುಂಡಿ ಒತ್ತಿದಳು. ಮುಳ್ಳು ಹನ್ನೆರಡಕ್ಕೆ ಬಂದು ನಿಂತಿತು. ಎಷ್ಟು ಕಾದರೂ ಅಷ್ಟೇ. ಕೊನೆಗೆ ಇನ್ನೊಂದು ಸಲ ಗುಂಡಿ ಒತ್ತುವಷ್ಟರಲ್ಲಿ ಹೊರಗೆ ಕಾರಿನ ಸದ್ದೂ ವಜೀರ್ ಸಾಬರ ದನಿಯೂ ಒಟ್ಟಿಗೇ ಕೇಳಿಸಿತು. ಹುಡುಗಿ ಒಳಗೆ ಓಡಿದಳು. ಫೋನು ಗೂಡಿನಲ್ಲೇ ಉಳಿಯಿತು.

ಉಮರ್ ಫಾರೂಕ್ ಬಂದು ಕೂತು, ಸಲಾಮಾದ ಮೇಲೆ, ಗೋಡೆ ನೋಡಿದರು. ಹನ್ನೆರಡು. ಕೈಗಡಿಯಾರ ನೋಡಿದರು. ನಾಲ್ಕು.

"ಏನು ವಜೀರ್ ಸಾಬ್? ನಿಂತಿದೆಯಲ್ಲ."

ವಜೀರ್ ಸಾಬರ ಹೊಸದಾಗಿ ಒಪ್ಪ ಮಾಡಿದ ಗಡ್ಡದ ಮೇಲೆ ಬೆವರು ಕೂತಿತ್ತು. "ಸಿಗ್ನಲ್ ಕಾಯ್ತಾ ಇದೆ. ನಿಮ್ಮ ಗಾಡಿ ಸ್ಟೇಷನ್ ಹೊರಗೆ ಔಟರಲ್ಲಿ ನಿಂತ್ಕೊಂಡು ಕಾಯಲ್ವಾ?"

ಉಮರ್ ಫಾರೂಕ್ ಯೋಚಿಸಿದರು. "ಕಾಯ್ತದೆ," ಎಂದು ಒಪ್ಪಿಕೊಂಡರು. "ಸಿಗ್ನಲ್ ಇಲ್ದೆ ಬರೋದು ತಪ್ಪು."

ಹಾಗೆ ಎಲ್ಲರೂ ಗಡಿಯಾರವನ್ನೇ ನೋಡುತ್ತ ಕೂತರು. ಬುಷ್ರಾ ಮಾತು ತೆಗೆಯಲು ನೋಡಿದರು. ಗಂಡಸರು ಕೈ ಎತ್ತಿ ತಡೆದರು. ಬಾಗಿಲಲ್ಲಿ ಬಂದ ಬಿಸಿಲು ಚಾಪೆಯ ಮೇಲೆ ಬೆಕ್ಕಿನಂತೆ ಮಲಗಿತ್ತು. ನವಾಜ್ ಗೋಡೆಗೂಡಿನ ಕಡೆ ನೋಡುತ್ತಲೇ ಇರಲಿಲ್ಲ. ಅಷ್ಟು ಎಚ್ಚರಿಕೆಯಿಂದ ನೋಡದೇ ಇರುವವನನ್ನು ನಾನು ಬೇರೆ ಕಂಡಿಲ್ಲ.

ಆಗ ಮುಳ್ಳು ಕದಲಿತು.

ವಜೀರ್ ಸಾಬರು ಎದ್ದು ನಿಂತರು. ಉಮರ್ ಫಾರೂಕರೂ ಎದ್ದು ನಿಂತರು, ಮೇಲ್ ಗಾಡಿ ಪ್ಲಾಟ್‌ಫಾರ್ಮಿಗೆ ಬಂದಾಗ ನಿಲ್ಲುವ ಹಾಗೆ. ದೊಡ್ಡ ಮುಳ್ಳು ಸುತ್ತಿತು, ಸಣ್ಣದು ಅದರ ಹಿಂದೆ ಹೊರಟಿತು. ಒಂದು, ಎರಡು, ಮೂರು. ನಾಲ್ಕರ ಹತ್ತಿರ ಬಂದಾಗ ವಜೀರ್ ಸಾಬರ ಕೈ ತಾನಾಗಿ ಮೇಲೆದ್ದು, "ಸಾಕು, ಹೋಲ್ಡಾನ್," ಎಂದಿತು. ಗಡಿಯಾರ ಅವರ ಡಿಪಾರ್ಟ್‌ಮೆಂಟಿನದಲ್ಲ. ಐದು ದಾಟಿತು, ಆರು ದಾಟಿತು, ಏಳೂವರೆ ದಾಟಿ ಒಂದು ನಿಮಿಷ ಹೋಗಿ ನಿಂತಿತು. ಆಮೇಲೆ ಲಕ್ಷಣವಾಗಿ ಟಿಕ್ ಟಿಕ್ ಎಂದು ನಡೆಯತೊಡಗಿತು.

ಹೊರಗೆ ಹಗಲು ಬೆಳ್ಳಗೆ ಉರಿಯುತ್ತಿತ್ತು. ನಾಲ್ಕು ಗಂಟೆಯ ಬಸ್ಸು ಆಗತಾನೇ ಹಾರ್ನ್ ಹೊಡೆದುಕೊಂಡು ಹೊರಟಿತ್ತು. ಆ ಹಾರ್ನನ್ನು ವಜೀರ್ ಸಾಬರು ನಿದ್ದೆಯಲ್ಲೂ ಗುರುತಿಸಬಲ್ಲರು. ಆದರೆ ಲಕ್ಷ ವರ್ಷಕ್ಕೂ ತಪ್ಪದ ಗಡಿಯಾರವನ್ನು ತಪ್ಪು ಎನ್ನಲು ಅವರಿಗೆ ಬಾಯಿಲ್ಲ. ಅದು ಹೇಳಿದ್ದಕ್ಕೆ ತಲೆ ಬಗ್ಗಿಸುತ್ತೇನೆ, ಇದು ನನ್ನ ಮಾತು ಎಂದಿದ್ದ ಉಮರ್ ಫಾರೂಕರಿಗೂ ಬಾಯಿಲ್ಲ. ಒಂದೇ ಲೈನಿನಲ್ಲಿ ಎರಡು ಗಾಡಿ ಮುಖಾಮುಖಿ ನಿಂತಿದ್ದವು. ಒಂದೂ ಸರಿಯುವಂತಿಲ್ಲ.

ಮೊದಲು ಬಾಯಿ ಬಿಟ್ಟವರು ಬುಷ್ರಾ.

"ಅಯ್ಯೋ, ಏಳೂವರೆ ಆಗೋಯ್ತಲ್ಲ ಖುರ್ಷಿದ್ ಆಪಾ," ಎಂದರು, ಕಣ್ಣಿಗೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದುಕೊಂಡು. "ಕತ್ತಲಲ್ಲಿ ಕಡೂರು ಸೇರ್ಬೇಕು. ಬೇಗ ಬೇಗ ಮಾತು ಮುಗ್ಸಿಬಿಡೋಣ."

ಖುರ್ಷಿದ್ ಬೇಗಂ ಒಂದು ಕ್ಷಣವೂ ತಡಮಾಡಲಿಲ್ಲ. "ಹೌದಮ್ಮ, ಊಟದ ಹೊತ್ತಾಯ್ತು. ನಿಕಾಹ್ ಇಲ್ಲಿ, ವಲೀಮಾ ಊಟ ಅಲ್ಲಿ. ಆಗಬಹುದಾ?"

"ಆಗಬಹುದು. ಸಂಕ್ರಾಂತಿ ಕಳೆದ ಮೇಲಿನ ಎರಡನೇ ಭಾನುವಾರ?"

"ಆಗಬಹುದು. ಕೊಡೋದು ತಗೊಳ್ಳೋದು?"

"ಏನೂ ಬೇಡ. ಕತ್ತಲಲ್ಲಿ ಅದೆಲ್ಲ ಯಾರು ಹೊತ್ಕೊಂಡು ಹೋಗ್ತಾರೆ?"

ಉಮರ್ ಫಾರೂಕ್ ಬಾಯಿ ತೆರೆದರು. ಬುಷ್ರಾ ಗಡಿಯಾರದ ಕಡೆ ಬೆರಳು ತೋರಿಸಿದರು. ಅವರು ಬಾಯಿ ಮುಚ್ಚಿದರು. ವಜೀರ್ ಸಾಬರು ಏನೋ ಹೇಳಹೋದರು. ಖುರ್ಷಿದ್ ಬೇಗಂ, "ಲೇಟಾಯ್ತದೆ ಕಣ್ರೀ," ಎಂದರು. ಅವರೂ ಕೂತರು. ನಮ್ಮಲ್ಲಿ ಮಾತುಕತೆ ಎಂದರೆ ಮೂರು ತಿಂಗಳ ಬಾಬತ್ತು. ಹಿರಿಯರು ಹೋಗಿ ಬಂದು, ಮುನಿಸಿಕೊಂಡು, ಸಮಾಧಾನವಾಗಿ ಆಗಬೇಕು. ಅಂಥದ್ದನ್ನು ಇಬ್ಬರು ಹೆಂಗಸರು ಒಂದು ಲೋಟ ತಣ್ಣನೆಯ ಶರಬತ್ತು ಬೆಚ್ಚಗಾಗುವಷ್ಟರಲ್ಲಿ ಮುಗಿಸಿ, ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರು. ಒಳಗಿನ ಬಾಗಿಲ ಪರದೆ ಒಂದು ಸಲ ಅಲ್ಲಾಡಿ ಸುಮ್ಮನಾಯಿತು.

ಸಕ್ಕರೆ ಇನ್ನೂ ಬಾಯಲ್ಲಿರುವಾಗ ಮಸೀದಿಯಿಂದ ಅಸರ್‌ನ ಆಜಾನ್ ಕೇಳಿಸಿತು. ಹಗಲು ಇಳಿಯುವ ಮುಂಚಿನ ನಮಾಜಿನ ಕರೆ. ಗೋಡೆಯ ಮೇಲೆ ಗಡಿಯಾರ ಎಂಟೂ ಕಾಲು ತೋರಿಸುತ್ತಿತ್ತು.

ಗಂಡಸರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಳ್ಳ ದಾಟಿ ದಡ ಸಿಕ್ಕಿದವರ ಮುಖ.

"ವಜೀರ್ ಸಾಬ್," ಎಂದರು ಉಮರ್ ಫಾರೂಕ್, "ಇದನ್ನ ಎಷ್ಟು ಮುಂದೆ ಇಟ್ಟಿದ್ದೀರಿ?"

"ಮೂರೂವರೆ ಗಂಟೆ ಇರಬೋದು."

"ಹೋದ್ಸಲ ಹತ್ತು ನಿಮಿಷ ಇತ್ತು."

"ಮಗಳ ಮದ್ವೆ ಮನೆ. ಸ್ವಲ್ಪ ಜಾಸ್ತಿ ಇಟ್ವಿ."

ಉಮರ್ ಫಾರೂಕ್ ನಗಲಿಲ್ಲ. ನಗದಿರಲು ಬಹಳ ಕಷ್ಟಪಟ್ಟರು. "ನನ್ನ ವಾಚಾದ್ರೂ ಸರಿಯಾಗಿದೆ," ಎಂದು ಕೈ ತಿರುಗಿಸಿದರು.

"ಅದೂ ಐದು ನಿಮಿಷ ಮುಂದೆ," ಎಂದರು ಬುಷ್ರಾ, ಶರಬತ್ತಿನ ಲೋಟ ಎತ್ತಿಡುತ್ತ. "ಮದ್ವೆ ಆದಾಗಿಂದ ನಾನೇ ಇಡೋದು. ಇಲ್ದಿದ್ರೆ ಇವರು ಯಾವ ಡ್ಯೂಟಿಗೂ ಹೊತ್ತಿಗೆ ಹೋಗ್ತಿರ್ಲಿಲ್ಲ."

ಸ್ಟೇಷನ್ ಮಾಸ್ಟರರು ತಮ್ಮ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ಬಹಳ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಟೋಪಿ ಸರಿಮಾಡಿಕೊಂಡು, ಒಬ್ಬರ ಹೆಗಲಿನ ಮೇಲೊಬ್ಬರು ಕೈಯಿಟ್ಟು ಮಸೀದಿಯ ಕಡೆ ನಡೆದರು. ಬಾಗಿಲಲ್ಲಿ ವಜೀರ್ ಸಾಬರು ಪಕ್ಕಕ್ಕೆ ಸರಿದು ಬೀಗರನ್ನು ಮುಂದೆ ಬಿಟ್ಟರು. ಬೀಗರು ಸರಿದು ಅವರನ್ನು ಮುಂದೆ ಬಿಟ್ಟರು. ಸ್ವಲ್ಪ ಹೊತ್ತು ಇಬ್ಬರೂ ಅಲ್ಲೇ ನಿಂತಿದ್ದರು.

ಆ್ಯಪನ್ನು ನಮ್ಮ ದೇಶದ ಟೈಮಿಗೆ ಬದಲಾಯಿಸಲು ಮರೆತಿದ್ದೆ ಎಂದು ನವಾಜ್ ಆಮೇಲೆ ಅರ್ಫಾಳಿಗೆ ಹೇಳಿದನಂತೆ. ಜಪಾನಿನಲ್ಲಿ ನಮಗಿಂತ ಮೂರೂವರೆ ಗಂಟೆ ಮೊದಲೇ ಹೊತ್ತು ಮುಳುಗುತ್ತದಂತೆ. ಸರಿಮಾಡಿಕೊಡುತ್ತೇನೆ ಎಂದ, ಖುರ್ಷಿದ್ ಬೇಗಂ ಬೇಡ ಎಂದರು. ಸಂಬಂಧ ಕೂಡಿಸಿದ ಗಡಿಯಾರ, ಮುಟ್ಟಬಾರದು.

ಮದುವೆಯಾಯಿತು. ಹಿಟ್ಟು ನನ್ನ ಗಿರಣಿಯದೇ. ಅರ್ಫಾ ಕಡೂರಿಗೆ ಹೋದಳು, ಗಡಿಯಾರ ಇಲ್ಲೇ ಉಳಿಯಿತು. ಈಗ ನಮ್ಮ ಬೀದಿಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ, ಮೂರೂವರೆ ಗಂಟೆ ಮುಂದಿರುವ ಗಡಿಯಾರಗಳಿವೆ. ಕಳೆಯುವುದು ಬಂದರೆ ಎಲ್ಲವೂ ಸರಿಯೇ.

ಇನ್ನು ಕೇಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ವಜೀರ್ ಸಾಬರು ಸೀಟಿ ಊದುತ್ತಾರೆ, ನಾನು ಬೆಲ್ಟು ಇಳಿಸುತ್ತೇನೆ, ಟೀವಿಗಳು ಆರುತ್ತವೆ, ಗಡಿಯಾರ ಜಗುಲಿಗೆ ಬರುತ್ತದೆ. ಮಲ್ಲಿಕಾಂಬನ ಸೊಸೆ ಇನ್ನೂ ಲೋಟ ಹಿಡಿದೇ ಇದ್ದಾಳೆ. ಕಥೆ ಬಿರುಸಾಗಿ, ನಮ್ಮ ದನಿ ಏರಿದಾಗ, ಖುರ್ಷಿದ್ ಬೇಗಂ ಗಡಿಯಾರದ ಕಡೆ ನೋಡಿ ತುಟಿಯ ಮೇಲೆ ಬೆರಳಿಡುತ್ತಾರೆ.

"ಮೆಲ್ಲಗೆ ಮಾತಾಡ್ರಮ್ಮ. ಹತ್ತಾಯ್ತು. ಅಲ್ಲಿ ಜನ ಮಲಗಿರ್ತಾರೆ."

ನಾವೆಲ್ಲ ಅಜ್ಜಂಪುರದ ಕಡೆ ಒಂದು ಸಲ ನೋಡಿ, ದನಿ ತಗ್ಗಿಸುತ್ತೇವೆ.